ಭಾನುವಾರ ಕೇಳೋ ಸದ್ದು

ನಮ್ ಫ್ಯಾಕ್ಟರಿಗೆ ಗಿರಾಕಿ ಕಂಪನಿಯಿಂದ ಸಸ್ಟೇನಬಿಲಿಟಿ ಫಾರಂ ಮೊದಲನೇ ಸಲ ಬಂದಾಗ ಅದನ್ನ ಯಾರು ತುಂಬಬೇಕು ಅನ್ನೋದ್ರಲ್ಲೇ ಒಂದು ವಾರ ಕಳೀತು. ಹೆಚ್‌ಆರ್‌ನವರು ಇದು ಪರಿಸರದ ವಿಷಯ, ಮೇಂಟೆನೆನ್ಸ್‌ಗೆ ಕಳ್ಸಿ ಅಂದ್ರು. ಮೇಂಟೆನೆನ್ಸ್‌ನವರು ಇದ್ರಲ್ಲಿ ಸಂಬಳ, ರಜೆ, ಹೆಣ್ಮಕ್ಕಳು ಎಷ್ಟು ಜನ ಎಲ್ಲಾ ಕೇಳವ್ರೆ, ನಮಗ್ಯಾಕೆ ಅಂದ್ರು. ಕೊನೆಗೆ ಯಾರಿಗೂ ಬೇಡವಾದ ಫೈಲು ಎಲ್ಲಿಗೆ ಬರುತ್ತೋ ಅಲ್ಲಿಗೇ ಬಂತು, ಅಂದ್ರೆ ಖರ್ಚಿನ ಲೆಕ್ಕ ನೋಡೋ ಕಾಸ್ಟಿಂಗ್ ಸೆಕ್ಷನ್ನಿಗೆ, ಅಂದ್ರೆ ನನ್ನ ಟೇಬಲ್ಲಿಗೆ.

ನಾನು ಮಂಡ್ಯದವನು, ಕೆಲಸ ಮೈಸೂರಿನ ಕೂರ್ಗಳ್ಳಿ ಇಂಡಸ್ಟ್ರಿಯಲ್ ಏರಿಯಾದಲ್ಲಿ. ಗಾಡಿಗಳಿಗೆ ಬೇಕಾದ ಪಾರ್ಟ್ಸ್ ಮಾಡೋ ಮಧ್ಯಮ ಗಾತ್ರದ ಫ್ಯಾಕ್ಟರಿ, ಹೆಸರು ಬೇಡ ಬಿಡಿ. ಬೆಳಗ್ಗೆ ಕಂಪನಿ ಬಸ್ಸು ಹತ್ತಿದ್ರೆ ಶ್ರೀರಂಗಪಟ್ಟಣ ದಾಟೋವರೆಗೂ ನಿದ್ದೆ, ಆಮೇಲೆ ಎಲ್ಲರೂ ಫೋನು. ಈ ಸಸ್ಟೇನಬಿಲಿಟಿ, ಅಂದ್ರೆ ಪರಿಸರಕ್ಕೂ ಜನಕ್ಕೂ ಹಾನಿ ಆಗದಂಗೆ ಕಂಪನಿ ನಡೆಸೋದು, ಅನ್ನೋ ಪದ ಆ ಬಸ್ಸಲ್ಲಿ ನಾನು ಮೊದಲ ಸಲ ಕೇಳಿದ್ದು ಬಹುಶಃ ಐದಾರು ವರ್ಷದ ಹಿಂದೆ, ಅದೂ ತಮಾಷೆಗೆ. ಕ್ಯಾಂಟೀನಿನ ಉಪ್ಪಿಟ್ಟು ಬೆಳಗ್ಗೆ ಉಳಿದಿದ್ದು ಸಂಜೆ ವಡೆ ಆಗಿ ಬರುತ್ತಲ್ಲ, ಅದಕ್ಕೆ ಯಾರೋ ಸಸ್ಟೇನಬಲ್ ವಡೆ ಅಂತ ಹೆಸರಿಟ್ಟಿದ್ರು.

ಫಾರಂ ಬಂದಿದ್ದಕ್ಕೆ ಕಾರಣ ಇಷ್ಟೇ. ಷೇರು ಮಾರ್ಕೆಟ್ಟಲ್ಲಿರೋ ದೊಡ್ಡ 1000 ಕಂಪನಿಗಳು 2022-23ರಿಂದ ಬಿಆರ್‌ಎಸ್‌ಆರ್ ಅಂತ, ಅಂದ್ರೆ ಕಂಪನಿಯ ಜವಾಬ್ದಾರಿ, ಸಸ್ಟೇನಬಿಲಿಟಿ ಬಗ್ಗೆ, ಒಂದು ವರದಿ ಕೊಡಲೇಬೇಕು ಅಂತ ಷೇರು ಮಾರ್ಕೆಟ್ ನೋಡ್ಕೊಳ್ಳೋ ಸೆಬಿ ರೂಲ್ ಮಾಡ್ತು. ಕರೆಂಟು ಎಷ್ಟು ಸುಟ್ರಿ, ನೀರು ಎಷ್ಟು, ಕಸ ಎಲ್ಲಿಗೆ ಹೋಯ್ತು, ಕೆಲಸದವರನ್ನ ಹೇಗೆ ನೋಡ್ಕೊಂಡ್ರಿ, ಎಲ್ಲಾ ಅದ್ರಲ್ಲಿ ಬರಬೇಕು. ನಮ್ಮ ಫ್ಯಾಕ್ಟರಿ ಆ ಸಾವಿರದಲ್ಲಿ ಇಲ್ಲ, ಆದ್ರೆ ನಮ್ಮತ್ರ ಮಾಲು ತಗೊಳ್ಳೋ ಕಂಪನಿ ಇದೆ. ಅವರು ಅವರ ಸಪ್ಲೈಯರುಗಳನ್ನ ಕೇಳಕ್ಕೆ ಶುರು ಮಾಡಿದ್ರು. ಉತ್ತರ ಕೊಡದಿದ್ರೆ ಮುಂದಿನ ಆರ್ಡರ್ ಬಗ್ಗೆ ಮಾತಾಡಬೇಕಾಗುತ್ತೆ ಅಂತ ಈಮೇಲಲ್ಲಿ ಬಹಳ ನಯವಾಗಿ ಬರೆದಿದ್ರು.

ಮಾಲೀಕರು ಮಾಡಿದ್ದು ಎಲ್ಲರೂ ಮಾಡೋದನ್ನೇ. ಬೆಂಗಳೂರಿಂದ ಒಬ್ಬ ಕನ್ಸಲ್ಟೆಂಟ್ ಬಂದ್ರು, ಎರಡು ದಿನ ಇದ್ರು, ಒಂದು ಪಾಲಿಸಿ ಬರೆದುಕೊಟ್ರು, ಅದನ್ನ ಫ್ರೇಮ್ ಹಾಕಿ ರಿಸೆಪ್ಷನ್‌ನಲ್ಲಿ ಗಣಪತಿ ಫೋಟೋ ಪಕ್ಕ ನೇತು ಹಾಕಿದ್ವಿ. ಜೂನ್ 5ರ ಪರಿಸರ ದಿನಕ್ಕೆ ಇನ್ನೂರು ಗಿಡ ನೆಟ್ವಿ, ಫೋಟೋ ತೆಗೆಸಿಕೊಂಡ್ವಿ. ಗಿಡಕ್ಕೆ ನೀರು ಹಾಕೋದು ಯಾರ ಕೆಲಸ ಅಂತ ಮಾತ್ರ ಯಾರೂ ಬರೆದಿರಲಿಲ್ಲ, ಗಾರ್ಡನ್ ಕಾಂಟ್ರಾಕ್ಟ್‌ನಲ್ಲಿ ಮುಂದಿನ ಲಾನ್ ಅಷ್ಟೇ ಸೇರಿತ್ತು. ದಸರಾ ಹೊತ್ತಿಗೆ ಅರ್ಧಕ್ಕರ್ಧ ಒಣಗಿ ಕಡ್ಡಿಯಾಗಿದ್ವು.

ಆಗ ನಮಗೆ ಒಬ್ಬ ಹೊಸ ಪ್ಲಾಂಟ್ ಹೆಡ್ ಬಂದಿದ್ರು. ಧಾರವಾಡ ಕಡೆಯವರು, ಮಾತು ಸ್ವಲ್ಪ ಒರಟು, 'ಏನ್ರೀ, ಹಿಂಗ್ಯಾಕ್ರೀ' ಅಂತ ಕೇಳಿದ್ರೆ ನಮ್ಮ ಕಡೆ ಹುಡುಗರು ಬೈತಾವ್ರೆ ಅಂದ್ಕೋತಿದ್ರು. ಅವರು ನನ್ನ ಕ್ಯಾಬಿನ್ನಿಗೆ ಬಂದು ಫಾರಂ ತಿರುವಿ ಹಾಕಿ ಒಂದೇ ಪ್ರಶ್ನೆ ಕೇಳಿದ್ರು. ಇದ್ರಾಗ ನೀವು ಬರ್ದಿರೋ ಕರೆಂಟಿನ ಲೆಕ್ಕ, ಇದು ಎಲ್ಲೆಲ್ಲಿ ಹೋಗ್ತದ ಅಂತ ನಿಮಗ ಗೊತ್ತೈತೇನ್ರೀ? ನನಗೆ ಬಿಲ್ಲು ಗೊತ್ತಿತ್ತು. ಅದು ಎಲ್ಲಿ ಹೋಗುತ್ತೆ ಅಂತ ಗೊತ್ತಿರಲಿಲ್ಲ.

ಇಲ್ಲಿ ಸ್ವಲ್ಪ ದಾರಿ ತಪ್ಪಿ ಒಂದು ಹಳೇ ಕತೆ ಹೇಳ್ತೀನಿ, ಯಾಕಂದ್ರೆ ಇದೇ ಪ್ರಶ್ನೆ ಅಮೆರಿಕದಲ್ಲಿ 1994ರಲ್ಲಿ ಒಬ್ಬ ಮಾಲೀಕನನ್ನ ಹೀಗೇ ಹಿಡ್ಕೊಂಡಿತ್ತು. ಇಂಟರ್‌ಫೇಸ್ ಅಂತ ಕಾರ್ಪೆಟ್ ಕಂಪನಿ, ರೇ ಆಂಡರ್ಸನ್ ಅಂತ ಮಾಲೀಕ. ಅವರು ಮಾಡ್ತಿದ್ದ ಕಾರ್ಪೆಟ್ ಅಂದ್ರೆ ನೈಲಾನು, ಅಂದ್ರೆ ಪೆಟ್ರೋಲಿಯಂ. ಗಿರಾಕಿಗಳು ಪರಿಸರಕ್ಕೆ ನಿಮ್ಮ ಕಂಪನಿ ಏನು ಮಾಡ್ತಿದೆ ಅಂತ ಕೇಳಕ್ಕೆ ಶುರು ಮಾಡಿದ್ರು, ಒಳಗಿನವರು ಸೇರಿ ಒಂದು ಮೀಟಿಂಗ್ ಇಟ್ಟು ನೀವೇ ಬಂದು ನಿಮ್ಮ ವಿಷನ್ ಹೇಳಿ ಅಂತ ಇವರನ್ನ ಕರೆದ್ರು. ಆತನ ಹತ್ರ ಹೇಳಕ್ಕೆ ಏನೂ ಇರಲಿಲ್ಲ, ಕಾನೂನು ಪಾಲಿಸ್ತೀವಿ ಅನ್ನೋದು ಬಿಟ್ರೆ. ಅದನ್ನ ಆತನೇ ಆಮೇಲೆ ಎಷ್ಟೋ ಭಾಷಣದಲ್ಲಿ ಒಪ್ಕೊಂಡಿದ್ದಾನೆ. ನನಗೆ ಆ ಮನುಷ್ಯನ ಮೇಲೆ ಮರ್ಯಾದೆ ಬಂದಿದ್ದೇ ಅಲ್ಲಿ. ನಮ್ಮಲ್ಲಾದ್ರೆ ಸಾಹೇಬ್ರು ಗೊತ್ತಿಲ್ಲ ಅಂದ್ರೆ ಮಾನ ಹೋಯ್ತು ಅನ್ನೋ ಲೆಕ್ಕ. ಆತ 2020ರ ಒಳಗೆ ಪರಿಸರಕ್ಕೆ ನಮ್ಮಿಂದ ಆಗೋ ಹಾನಿ ಸೊನ್ನೆ ಆಗಬೇಕು ಅಂತ ಗುರಿ ಇಟ್ಟು, ಅದರ ಕೆಲಸವನ್ನ ಫ್ಯಾಕ್ಟರಿ ಒಳಗಿನವರ ಕೈಗೇ ಕೊಟ್ಟ, ಎಲ್ಲಿ ವೇಸ್ಟ್ ಆಗ್ತಿದೆ ಅಂತ ಮೆಷಿನ್ ಹತ್ರ ನಿಂತಿರೋರೇ ಹುಡುಕಬೇಕು ಅಂತ. 2011ರಲ್ಲಿ ಆತ ತೀರಿಕೊಂಡ. ಕೆಲಸ ನಿಲ್ಲಲಿಲ್ಲ. 2019ರಲ್ಲಿ ಕಂಪನಿ ಗುರಿ ಮುಟ್ಟಿದ್ವಿ ಅಂತ ಘೋಷಣೆ ಮಾಡ್ತು. ಸೊನ್ನೆ ಅಂದ್ರೆ ನಿಜಕ್ಕೂ ಸೊನ್ನೆನಾ ಅಂತ ಲೆಕ್ಕದವನಾಗಿ ನನಗೆ ಅನುಮಾನ ಇದ್ದೇ ಇದೆ, ಆದ್ರೆ ಮಾಲೀಕ ಹೋಗಿ ಎಂಟು ವರ್ಷ ಆದ್ಮೇಲೂ ಅವನು ಶುರು ಮಾಡಿದ್ದನ್ನ ಯಾರೋ ಎಣಿಸ್ತಾ ಕೂತಿದ್ರಲ್ಲ, ಅದು ನನಗೆ ದೊಡ್ಡದು.

ವಾಪಸ್ ನಮ್ಮ ಕತೆಗೆ. ಪ್ಲಾಂಟ್ ಹೆಡ್ ಒಂದು ಭಾನುವಾರ ಮೆಷಿನ್ ಎಲ್ಲಾ ಆಫ್ ಮಾಡಿಸಿ ಕಂಪ್ರೆಸರ್ ಒಂದನ್ನ ಮಾತ್ರ ಆನ್ ಇಡಿಸಿದ್ರು. ಗಾಳಿ ಕಂಪ್ರೆಸರ್ ಗೊತ್ತಲ್ಲ, ಪಂಕ್ಚರ್ ಅಂಗಡೀಲಿ ಇರುತ್ತಲ್ಲ ಅದರದೇ ದೊಡ್ಡಣ್ಣ, ನಮ್ಮದು 75 ಕಿಲೋವಾಟಿಂದು. ಫ್ಯಾಕ್ಟರಿ ತುಂಬಾ ಪೈಪ್ ಓಡಿರುತ್ತೆ, ಟೂಲುಗಳು ಸಿಲಿಂಡರುಗಳು ಎಲ್ಲಾ ಆ ಗಾಳೀಲೇ ನಡಿಯೋದು. ಯಾರೂ ಗಾಳಿ ಬಳಸದೇ ಇದ್ದಾಗ ಅದು ಒಂದ್ಸಲ ತುಂಬ್ಕೊಂಡ್ರೆ ಸುಮ್ನಿರಬೇಕು. ಸುಮ್ನಿರಲಿಲ್ಲ. ಮೂರು ನಿಮಿಷ ಓಡೋದು, ಏಳು ನಿಮಿಷ ಸುಮ್ನಾಗೋದು, ಮತ್ತೆ ಮೂರು ನಿಮಿಷ. ಅಂದ್ರೆ ನೂರಕ್ಕೆ ಮೂವತ್ತು ಭಾಗ ಗಾಳಿ ಎಲ್ಲೋ ಸೋರಿ ಹೋಗ್ತಿದೆ. ಇದೇನು ನಮ್ಮ ಫ್ಯಾಕ್ಟರಿಗೇ ಬಂದ ರೋಗ ಅಂತಲ್ಲ, ಸರಿಯಾಗಿ ನೋಡ್ಕೊಳ್ದಿರೋ ಲೈನುಗಳಲ್ಲಿ ಇಪ್ಪತ್ತರಿಂದ ಮೂವತ್ತು ಪರ್ಸೆಂಟ್ ಸೋರೋದು ಎಲ್ಲಾ ಕಡೆ ಮಾಮೂಲಂತೆ. ಮೂರು ಮಿಲಿಮೀಟರ್ ತೂತು ಒಂದಿದ್ರೆ ಸಾಕು, ಸುಮಾರು ಮೂರು ಕಿಲೋವಾಟ್ ಸುಮ್ನೆ ಹೋಗ್ತಾ ಇರುತ್ತೆ. ನಾನು ಅಲ್ಲೇ ನಿಂತು ಫೋನಲ್ಲಿ ಲೆಕ್ಕ ಹಾಕ್ದೆ. 22 ಕಿಲೋವಾಟ್, ದಿನಕ್ಕೆ ಇಪ್ಪತ್ನಾಲ್ಕು ಗಂಟೆ, ಮುನ್ನೂರು ದಿನ. ವರ್ಷಕ್ಕೆ ಒಂದೂವರೆ ಲಕ್ಷ ಯೂನಿಟ್ ಮೇಲೆ. ನಮ್ಮ ರೇಟಲ್ಲಿ ಹತ್ತು ಲಕ್ಷ ದಾಟುತ್ತೆ. ಯೂನಿಟ್ಟಿಗೆ ಸುಮಾರು 0.7 ಕೆಜಿ ಕಾರ್ಬನ್ ಡೈಆಕ್ಸೈಡ್ ಅಂತ ಹಿಡಿದ್ರೆ ನೂರು ಟನ್ ಮೇಲೆ. ಇಷ್ಟನ್ನ ಸುಟ್ಟು ನಾವು ಇನ್ನೂರು ಗಿಡ ನೆಟ್ಟು ಫೋಟೋ ಕಳ್ಸಿದ್ವಿ.

ಆದ್ರೆ ಅವತ್ತು ನನಗೆ ನಾಚಿಕೆ ಆಗಿದ್ದು ಆ ಲೆಕ್ಕಕ್ಕಲ್ಲ. ನಮ್ಮ ಜೊತೆ ಒಬ್ಬ ಫಿಟ್ಟರ್ ಇದ್ದ, ಶ್ರೀರಂಗಪಟ್ಟಣ ಕಡೆ ಹುಡುಗ, ಕಾಂಟ್ರಾಕ್ಟ್ ಮೇಲಿದ್ದವನು. ಅವನ ಹತ್ರ ಒಂದು ಹಳೇ ಬಿಸ್ಲೇರಿ ಬಾಟಲಿ, ಅದ್ರಲ್ಲಿ ಸೋಪಿನ ನೀರು, ಮುಚ್ಚಳಕ್ಕೆ ತೂತು. ನಾವು ಲೀಕ್ ಹುಡುಕೋಣ ಅಂತ ಶುರು ಮಾಡೋ ಹೊತ್ತಿಗೆ ಅವನು ಸೀದಾ ಹೋಗಿ ಹೋಗಿ ಒಂದೊಂದೇ ಜಾಯಿಂಟಿಗೆ ನೀರು ಚಿಮುಕಿಸ್ತಾ ಹೋದ, ಎಲ್ಲೆಲ್ಲಿ ಚಿಮುಕಿಸಿದ್ನೋ ಅಲ್ಲೆಲ್ಲ ಗುಳ್ಳೆ ಎದ್ದವು. ಒಂದೂ ತಪ್ಪಲಿಲ್ಲ. ನಿನಗೆ ಹೇಗೋ ಗೊತ್ತು ಅಂದ್ರೆ, ರಾತ್ರಿ ಶಿಫ್ಟಲ್ಲಿ ಊಟದ ಟೈಮಲ್ಲಿ ಮೆಷಿನ್ ನಿಂತಾಗ ಸುಸ್ಸಂತ ಕೇಳ್ತದೆ ಸಾ, ಎರಡು ವರ್ಷದಿಂದ ಕೇಳ್ತಾ ಅದೆ ಅಂದ.

ಎರಡು ವರ್ಷ! ಯಾಕೋ ಹೇಳಲಿಲ್ಲ ಅಂತ ಯಾರೋ ಕೇಳಿದ್ರು, ಸ್ವಲ್ಪ ಜೋರಾಗೇ. ಅವನು ತಲೆ ತಗ್ಗಿಸ್ಲೂ ಇಲ್ಲ, ಏರು ದನೀಲೂ ಮಾತಾಡ್ಲಿಲ್ಲ. ಯೋಳಿದ್ದೆ ಸಾ, ಸೂಪರ್‌ವೈಸರ್‌ಗೆ ಎರಡು ಸಲ ಯೋಳ್ದೆ, ನಿನ್ ಕೆಲ್ಸ ನೋಡ್ಕೊ ಅಂದ್ರು, ನೋಡ್ಕೊಂಡೆ.

ಅವತ್ತಿಂದ ನಾನು ಆ ಫಾರಂನ ಬೇರೆ ಥರ ಓದಕ್ಕೆ ಶುರು ಮಾಡ್ದೆ. ಅದ್ರಲ್ಲಿ ಒಂದು ಕಾಲಂ ಇದೆ, ಪರ್ಮನೆಂಟ್ ಕಾರ್ಮಿಕರು ಎಷ್ಟು, ಪರ್ಮನೆಂಟ್ ಅಲ್ಲದೇ ಇರೋರು ಎಷ್ಟು ಅಂತ. ಬರೀ ನಂಬರ್ ತುಂಬೋ ಕಾಲಂ ಅಂದ್ಕೊಂಡಿದ್ದೆ. ನಮ್ಮಲ್ಲಿ ಒಂದು ಸಜೆಶನ್ ಸ್ಕೀಮ್ ಇದೆ, ಒಳ್ಳೇ ಐಡಿಯಾ ಕೊಟ್ಟೋರಿಗೆ ಸಾವಿರ ರೂಪಾಯಿ ಕೂಪನ್ನು, ಬೋರ್ಡ್ ಮೇಲೆ ಫೋಟೋ. ರೂಲ್ ಪುಸ್ತಕ ತೆಗೆದು ನೋಡಿದ್ರೆ ಅದು ಪರ್ಮನೆಂಟ್ ನೌಕರರಿಗೆ ಮಾತ್ರ. ಶಾಪ್ ಫ್ಲೋರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಕಾಂಟ್ರಾಕ್ಟಲ್ಲಿ ಇದ್ದಾರೆ, ರಾತ್ರಿ ಸದ್ದು ಕೇಳಿಸೋದು ಅವರಿಗೇ, ಬಾಯಿ ಬಿಡಕ್ಕೆ ಹಕ್ಕಿಲ್ಲದೇ ಇರೋದೂ ಅವರಿಗೇ. ಈ ರೂಲ್ ಬರೆದೋರು ಕೆಟ್ಟೋರೇನಲ್ಲ, ಕಾಂಟ್ರಾಕ್ಟ್‌ನವರನ್ನ ನಮ್ಮ ನೌಕರರ ಥರ ನಡೆಸ್ಕೊಂಡ್ರೆ ನಾಳೆ ಪರ್ಮನೆಂಟ್ ಮಾಡಿ ಅಂತ ಕೇಸ್ ಹಾಕ್ತಾರೆ ಅನ್ನೋ ಭಯ. ಆ ಭಯಕ್ಕೆ ನಾವು ವರ್ಷಕ್ಕೆ ಹತ್ತು ಲಕ್ಷ ಕಟ್ತಿದ್ವಿ, ಕರೆಂಟ್ ಬಿಲ್ ಅನ್ನೋ ಹೆಸರಲ್ಲಿ.

ನಮ್ಮ ದೊಡ್ಡಪ್ಪನ ಆಲೆಮನೆ ನೆನಪಾಗುತ್ತೆ ಇಂಥ ಹೊತ್ತಲ್ಲಿ. ಪಾಂಡವಪುರದ ಹತ್ರ ನಮ್ಮೂರು, ನಾನು ಚಿಕ್ಕವನಿದ್ದಾಗ ಊರಲ್ಲಿ ಕಡಿಮೆ ಅಂದ್ರೂ ಏಳೆಂಟು ಆಲೆಮನೆ ಇದ್ವು. ಕಬ್ಬು ಗಾಣಕ್ಕೆ, ಕಬ್ಬಿನ ಹಾಲು ಕೊಪ್ಪರಿಗೆಗೆ, ಸಿಪ್ಪೆ ಬಿಸಿಲಲ್ಲಿ ಒಣಗಿ ಅದೇ ಒಲೆಗೆ, ಬೂದಿ ಗದ್ದೆಗೆ. ಒಂದು ಟನ್ ಕಬ್ಬಿಗೆ ನೂರು ಕೆಜಿ ಮೇಲೆ ಚಿಲ್ಲರೆ ಬೆಲ್ಲ. ಹಾಲು ತಿಳಿ ಮಾಡಕ್ಕೆ ಸುಣ್ಣ, ಬೆಂಡೆ ಗಿಡದ ಲೋಳೆ. ಹೊರಗಿಂದ ಸೌದೆ ಬೇಕಿಲ್ಲ, ಕರೆಂಟ್ ಗಾಣಕ್ಕೆ ಅಷ್ಟೇ. ಈಗಿನ ಕನ್ಸಲ್ಟೆಂಟ್ ನೋಡಿದ್ರೆ ಇದಕ್ಕೊಂದು ದೊಡ್ಡ ಹೆಸರು ಕೊಟ್ಟು ಸ್ಲೈಡ್ ಮಾಡ್ತಿದ್ರೇನೋ. ದೊಡ್ಡಪ್ಪನಿಗೆ ಅದು ಬರೀ ಖರ್ಚು ಉಳಿಸೋದು.

ಹಾಗಂತ ಹಳೇದೆಲ್ಲ ಚೆನ್ನಾಗಿತ್ತು ಅಂತ ನಾನು ಹೇಳಲ್ಲ, ಆ ಕತೆ ನನಗಾಗಲ್ಲ. ಒಂದು ಮಳೆಗಾಲ ಬಿಟ್ಟೂ ಬಿಡದೆ ಹಿಡಿದು ಸಿಪ್ಪೆ ಒಣಗ್ಲೇ ಇಲ್ಲ, ಕಬ್ಬು ಕಡಿದು ಹಾಕಿಯಾಗಿದೆ, ಕಡಿದ ಕಬ್ಬು ದಿನ ಕಳೆದಂಗೆ ಸಿಹಿ ಕಳ್ಕೊಳ್ಳುತ್ತೆ. ಯಾರೋ ಮೈಸೂರಿಂದ ಹಳೇ ಟೈರು ತಂದು ಹಾಕಿದ್ರು, ಎಲ್ಲರೂ ಹಾಕ್ತಿದ್ರು, ದೊಡ್ಡಪ್ಪನೂ ತರಿಸಿದ್ರು. ಕೊಪ್ಪರಿಗೆ ಹತ್ರ ಪಾಕ ನೋಡೋ ಒಬ್ಬ ಅಜ್ಜ ಇದ್ದ, ತಣ್ಣೀರಲ್ಲಿ ಒಂದು ತೊಟ್ಟು ಪಾಕ ಬಿಟ್ಟು ಬೆರಳಲ್ಲಿ ಉರುಟಿ ನೋಡಿ ಇಳ್ಸಿ ಅಂದ್ರೆ ಇಳ್ಸಬೇಕು, ಈಗ 118 ಡಿಗ್ರಿ ಅಂತ ಥರ್ಮಾಮೀಟರಲ್ಲಿ ನೋಡ್ತಾರಲ್ಲ ಅದನ್ನ ಅವನು ಬೆರಳಲ್ಲೇ ನೋಡ್ತಿದ್ದ. ಟೈರು ಒಲೆಗೆ ಬಿದ್ದ ಎರಡನೇ ದಿನ ಅವನು ಟವಲ್ ಕೊಡವಿ ಎದ್ದುಬಿಟ್ಟ. ಗೌಡ್ರೇ, ಈ ವಗೇಲಿ ನಾನ್ ನಿಂತ್ಕಳಕಿಲ್ಲ, ನೀವ್ ಬೇಕಾದ್ರೆ ಬಂದ್ ನಿಂತ್ಕಳಿ.

ದೊಡ್ಡಪ್ಪ ನಿಂತ್ಕೊಂಡ್ರು ಕೂಡ, ಸಿಟ್ಟಿಗೆ. ಅರ್ಧ ಗಂಟೆ. ಆಮೇಲೆ ಟೈರು ವಾಪಸ್ ಹೋದ್ವು, ಎರಡು ಕೊಪ್ಪರಿಗೆ ಹಾಲು ಹುಳಿ ಬಂದು ಚೆಲ್ಲಬೇಕಾಯ್ತು, ನಷ್ಟ ಆಯ್ತು, ದೊಡ್ಡಮ್ಮ ಒಂದು ವಾರ ಅದನ್ನೇ ಬೈಕೊಂಡು ಓಡಾಡಿದ್ರು. ಮುಂದಿನ ವರ್ಷ ಸಿಪ್ಪೆ ಒಟ್ಟಕ್ಕೆ ಒಂದು ತಗಡಿನ ಶೆಡ್ ಎದ್ದಿತು. ಆ ಅಜ್ಜನಿಗೆ ಎದ್ದು ಹೋಗೋ ತಾಕತ್ತಿತ್ತು ಯಾಕಂದ್ರೆ ಅವನ ಬೆರಳು ಊರಲ್ಲಿ ಇನ್ನೊಬ್ಬರಿಗೆ ಇರಲಿಲ್ಲ, ಪಕ್ಕದ ಆಲೆಮನೆಯವರು ಕರ್ಕೊಂಡು ಹೋಗಕ್ಕೆ ಕಾಯ್ತಿದ್ರು. ನಮ್ಮ ಫಿಟ್ಟರ್‌ಗೆ ಆ ತಾಕತ್ತಿಲ್ಲ. ಈಗ ಎಷ್ಟೋ ಆಲೆಮನೇಲಿ ಕೆಲಸ ಮಾಡೋರು ಉತ್ತರ ಪ್ರದೇಶ, ಬಿಹಾರದಿಂದ ಬಂದಿರೋ ಹುಡುಗ್ರು, ಸೀಸನ್ ಮುಗಿದ್ರೆ ಟ್ರೈನ್ ಹತ್ತಬೇಕು, ಅವರು ಯಾವ ಹೊಗೇಗೆ ಬೇಡ ಅಂತಾರೆ ಹೇಳಿ. ಜೊತೆಗೆ ನಾವು ತಿನ್ನೋರೂ ಕಮ್ಮಿಯಿಲ್ಲ, ಬೆಲ್ಲ ಹಳದಿಯಾಗಿ ಪಳಪಳ ಅನ್ಬೇಕು, ಕಪ್ಪಗಿದ್ರೆ ಮಾರ್ಕೆಟ್ಟಲ್ಲಿ ರೇಟ್ ಇಲ್ಲ, ಅದಕ್ಕೇ ಹೈಡ್ರೋಸ್ ಅನ್ನೋ ಬಣ್ಣ ತಿಳಿ ಮಾಡೋ ಕೆಮಿಕಲ್ ಬೀಳೋದು.

ನಮ್ಮ ಜಿಲ್ಲೆಯೇ ಒಂದು ಲೆಕ್ಕದಲ್ಲಿ ನಾಯಕತ್ವದ ದೊಡ್ಡ ಪ್ರಯೋಗ. ಕನ್ನಂಬಾಡಿ ಕಟ್ಟೆ ಆಯ್ತು, ನಾಲೆ ಬಂತು, ನೀರು ಬಂದ್ಮೇಲೆ ರೈತ ಏನು ಬೆಳೀಬೇಕು ಅಂತ ಯೋಚನೆ ಬಂತು, ಕೆನಡಾದಿಂದ ಬಂದು ಇಲ್ಲಿ ಕೃಷಿ ಇಲಾಖೆ ಡೈರೆಕ್ಟರ್ ಆಗಿದ್ದ ಲೆಸ್ಲಿ ಕೋಲ್ಮನ್ ಕಬ್ಬು, ಸಕ್ಕರೆ ಕಾರ್ಖಾನೆ ಅಂತ ಹಿಂದೆ ಬಿದ್ರು. 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಶುರುವಾಯ್ತು, 1939ಕ್ಕೆ ಮಂಡ್ಯ ಬೇರೆ ಜಿಲ್ಲೆಯೇ ಆಯ್ತು. ಇದ್ರಲ್ಲಿ ನನಗೆ ಇಷ್ಟ ಆಗೋದು ಏನಂದ್ರೆ ಕಂಪನೀಲಿ ರೈತರಿಗೂ ಷೇರು ಇತ್ತು, ಕಬ್ಬು ತರೋನೇ ಪಾಲುದಾರ. ಆಮೇಲೆ ಆ ಕಾರ್ಖಾನೆ ಎಷ್ಟೋ ಏಳುಬೀಳು ಕಂಡು, ವರ್ಷಗಟ್ಟಲೆ ನಿಂತು, 2022ರಲ್ಲಿ ಮತ್ತೆ ಕಬ್ಬು ಅರೆಯಕ್ಕೆ ಶುರು ಮಾಡ್ತು. ಅದರ ರಾಜಕೀಯ ಬರೆಯಕ್ಕೆ ಹೋದ್ರೆ ಇವತ್ತು ಮುಗಿಯಲ್ಲ. ಕಬ್ಬಿಗೆ ಇಷ್ಟೊಂದು ನೀರು ಕುಡಿಸೋದು ಸರಿನಾ ಅನ್ನೋ ಪ್ರಶ್ನೆನೂ ಇದೆ, 2023ರ ಬರದಲ್ಲಿ ಕಟ್ಟೆ ತುಂಬದೇ ಇದ್ದಾಗ ನಮ್ಮೂರಲ್ಲೂ ಮೆಲ್ಲಗೆ ಕೇಳ್ಕೊಂಡ್ರು, ಮಳೆ ಬಂದ ತಕ್ಷಣ ಮರೆತ್ರು. ಕಬ್ಬಿನ ದುಡ್ಡು 14 ದಿನದೊಳಗೆ ಕೊಡಬೇಕು ಅಂತ ಕೇಂದ್ರ ಸರ್ಕಾರದ 1966ರ ಕಬ್ಬು ನಿಯಂತ್ರಣ ಆದೇಶದಲ್ಲೇ ಇದೆ. ಅದು ಪಾಲನೆ ಆಗದೇ ಇದ್ರೆ ರೈತ ಸಂಪು ಮಾಡ್ತಾನೆ, ಇಲ್ಲಾ ಸುಮ್ನೆ ಆಲೆಮನೆಗೆ ಹೊಡೀತಾನೆ. ಮೇಲಿನವರು ಎಷ್ಟು ದೊಡ್ಡ ಪ್ಲಾನ್ ಮಾಡಿದ್ರೂ ಎತ್ತಿನ ಗಾಡಿ ಯಾವ ಕಡೆ ತಿರುಗುತ್ತೆ ಅನ್ನೋದು ಕೊನೆಗೂ ಮೂಗುದಾರ ಹಿಡಿದೋನ ಕೈಲಿ.

ನಮ್ಮ ಪ್ಲಾಂಟ್ ಹೆಡ್ ಏನು ಮಾಡಿದ್ರು ಅಂದ್ರೆ, ಭಾಷಣ ಮಾಡಲಿಲ್ಲ. ತಿಂಗಳಿಗೊಂದು ಭಾನುವಾರ ಗೇಟ್ ತೆಗೆಸಿದ್ರು. ಬಂದೋರಿಗೆ ಓಟಿ, ಅಂದ್ರೆ ಓವರ್‌ಟೈಮ್ ದುಡ್ಡು, ಮಧ್ಯಾಹ್ನ ಊಟ, ಕಾಂಟ್ರಾಕ್ಟಾ ಪರ್ಮನೆಂಟಾ ಅಂತ ಕೇಳಲ್ಲ. ಸೋರೋ ಜಾಗಕ್ಕೆಲ್ಲ ಹಳದಿ ಚೀಟಿ ಕಟ್ಟೋದು, ಚೀಟಿ ಮೇಲೆ ಹುಡುಕಿದವನ ಹೆಸರು, ರಿಪೇರಿ ಆದ್ಮೇಲೆ ಚೀಟಿ ಅವನೇ ಬಿಚ್ಚಬೇಕು. ಮೊದಲ ತಿಂಗಳು ಆರು ಜನ ಬಂದ್ರು, ಊಟಕ್ಕೆ ಅಂತಲೇ ಇಟ್ಕೊಳ್ಳಿ. ನಾಲ್ಕನೇ ತಿಂಗಳಿಗೆ ಜನ ಗಾಳಿ ಬಿಟ್ಟು ಬೇರೆದೆಲ್ಲ ಹೇಳಕ್ಕೆ ಶುರು ಮಾಡಿದ್ರು. ಕೂಲೆಂಟ್ ಚೆಲ್ಲೋದು, ಬೇಡದ ಲೈಟು, ಫರ್ನೇಸ್ ಬಾಗಿಲು ಸರಿಯಾಗಿ ಮುಚ್ಚದೇ ಇರೋದು, ಹೆಣ್ಮಕ್ಕಳ ಟಾಯ್ಲೆಟ್ಟಲ್ಲಿ ನಲ್ಲಿ ಕೆಟ್ಟಿರೋದು. ಆ ನಲ್ಲಿ ವಿಷಯ ಹೇಳಕ್ಕೆ ಆ ಹೆಣ್ಮಗಳು ಅಷ್ಟು ತಿಂಗಳು ಕಾಯ್ಬೇಕಾಯ್ತಲ್ಲ ಅಂತ ನನಗೆ ಈಗ್ಲೂ ಒಂಥರಾ ಆಗುತ್ತೆ. ಗಾಳಿ ಸೋರೋದು ಮೂವತ್ತರಿಂದ ಹನ್ನೆರಡಕ್ಕೆ ಇಳೀತು. ಗಿರಾಕಿ ಕಂಪನಿ ಆಡಿಟ್‌ಗೆ ಬಂದಾಗ ಪ್ಲಾಂಟ್ ಹೆಡ್ ತಾವು ಹಿಂದೆ ನಿಂತು ಆ ಫಿಟ್ಟರನ್ನ ಮುಂದೆ ಬಿಟ್ರು. ಅವನು ಸೋಪಿನ ಬಾಟಲಿ ಹಿಡ್ಕೊಂಡೇ ವಿವರಿಸಿದ, ಕನ್ನಡದಲ್ಲಿ, ನಾನು ಪಕ್ಕದಲ್ಲಿ ನಿಂತು ಇಂಗ್ಲಿಷಿಗೆ ಅನುವಾದ. ಆಡಿಟರ್ ಬಾಟಲಿ ತಗೊಂಡು ತಾನೂ ಒಂದ್ಸಲ ಚಿಮುಕಿಸಿ ನೋಡಿದ್ಳು.

ಇಷ್ಟಕ್ಕೇ ನಿಲ್ಲಿಸಿದ್ರೆ ಚಂದ ಇರ್ತಿತ್ತು. ಹಿಂದಿನ ವರ್ಷ ಪ್ಲಾಂಟ್ ಹೆಡ್ ಹೊರಟುಹೋದ್ರು. ಯಾಕೆ ಅಂತ ಅಧಿಕೃತವಾಗಿ ಪರ್ಸನಲ್ ರೀಸನ್, ಬಸ್ಸಲ್ಲಿ ಹತ್ತು ಕತೆ. ಹೊಸಬ್ರು ಬಂದ್ರು, ಕೆಟ್ಟೋರಲ್ಲ, ಖರ್ಚು ನೋಡೋರು. ಭಾನುವಾರದ ಓಟಿ ಶೀಟು ನನ್ನ ಟೇಬಲ್ ಮೇಲಿಂದಲೇ ಹೋಯ್ತು, ಇದಕ್ಕೆ ಯಾವ ಬಜೆಟ್ ಹೆಡ್, ಅಂದ್ರೆ ಬಜೆಟ್ಟಲ್ಲಿ ಯಾವ ಖಾತೆಯ ಖರ್ಚು, ಅಂತ ಕೆಂಪು ಇಂಕಲ್ಲಿ ಬರೆದು ವಾಪಸ್ ಬಂತು. ಅಂಥ ಬಜೆಟ್ ಹೆಡ್ ಇರಲಿಲ್ಲ. ಹಳೇ ಸಾಹೇಬ್ರು ಬಾಯಲ್ಲಿ ಹೇಳಿ ಮಾಡಿಸ್ತಿದ್ರು, ಕಾಗದದ ಮೇಲೆ ಎಲ್ಲೂ ಕೂರಿಸಿರಲಿಲ್ಲ, ನಾನೂ ಅದನ್ನ ಕೂರಿಸಬೇಕು ಅಂತ ಯೋಚನೆ ಮಾಡಲಿಲ್ಲ. ಲೆಕ್ಕದವನು ನಾನೇ. ತಪ್ಪು ನಂದೂ ಇದೆ.

ಕಾಗದದ ಮೇಲೆ ಕೂರಿಸಿದ್ರೆ ಏನಾಗುತ್ತೆ ಅನ್ನೋದಕ್ಕೆ ಒಂದು ಉದಾಹರಣೆ ಇದೆ, ಡ್ಯಾನೋನ್ ಅಂತ ಫ್ರಾನ್ಸಿನ ದೊಡ್ಡ ಹಾಲು ಮೊಸರಿನ ಕಂಪನಿ. ಅದರ ಮುಖ್ಯಸ್ಥ ಎಮ್ಯಾನುಯೆಲ್ ಫಾಬೆರ್, 2020ರ ಜೂನಲ್ಲಿ ಕಂಪನಿಯ ಕಾನೂನು ಪತ್ರದಲ್ಲೇ ಸಮಾಜ, ಪರಿಸರದ ಗುರಿ ಸೇರಿಸಿದ್ರು, ಷೇರುದಾರರ 99 ಪರ್ಸೆಂಟ್ ಓಟು ಅದರ ಪರವಾಗೇ ಬಿತ್ತು. 2021ರ ಮಾರ್ಚಿಗೆ ಲಾಭ ಸಾಲದು ಅಂತ ಕೂಗೆದ್ದು ಆತನನ್ನೇ ಹೊರಗೆ ಕಳ್ಸಿದ್ರು. ಒಂಬತ್ತು ತಿಂಗಳು. ಕಾಗದದ ಮೇಲೆ ಕೂರಿಸಿದೋರ ಗತಿಯೇ ಹೀಗಾದ್ರೆ ಬಾಯಲ್ಲಿ ಹೇಳಿದೋರದ್ದು ಏನು ಅಂತ ನಾನು ಸಮಾಧಾನ ಮಾಡ್ಕೋಬಹುದಿತ್ತು. ಆದ್ರೆ ಫಾಬೆರ್ ಹೋದ್ರೂ ಆ ಕಾನೂನು ಪತ್ರದ ಸಾಲುಗಳು ಅಲ್ಲೇ ಉಳಿದ್ವು, ಆತನ ಹಿಂದೆ ಹೋಗಲಿಲ್ಲ. ನಮ್ಮಲ್ಲಿ ಭಾನುವಾರದ ಗೇಟು ಸಾಹೇಬ್ರ ಕಾರಿನ ಜೊತೆಗೇ ಹೋಯ್ತು. ಫಿಟ್ಟರ್ ಹುಡುಗನ ಕಾಂಟ್ರಾಕ್ಟೂ ರಿನ್ಯೂ ಆಗಲಿಲ್ಲ, ಬೇಕಂತ ಮಾಡಿದ್ದಲ್ಲ, ಏಜೆನ್ಸಿ ಬದಲಾಯ್ತು, ಹೊಸ ಏಜೆನ್ಸಿಗೆ ಅವರದೇ ಹುಡುಗ್ರು. ಅವನು ಈಗ ಮೇಟಗಳ್ಳಿಯಲ್ಲಿ ಬೇರೆ ಕಡೆ ಇದ್ದಾನೆ.

ಹೋದ ವಾರ ಈ ವರ್ಷದ ಫಾರಂ ಬಂತು. ಈ ಸಲ ಪ್ರಶ್ನೆ ಜಾಸ್ತಿ ಆಗಿವೆ, ಒಂದು ಪ್ರಶ್ನೆ ಹೀಗಿದೆ: ಕಳೆದ ವರ್ಷ ಕಾರ್ಮಿಕರಿಂದ ಎಷ್ಟು ಸಲಹೆ ಬಂದವು, ಎಷ್ಟು ಜಾರಿಗೆ ಬಂದವು. ಪ್ಲಾಂಟ್ ಹೆಡ್ ಇದ್ದಾಗ ಅದಕ್ಕೆ ಒಂದು ಪುಟ ಅಂಟಿಸ್ತಿದ್ದೆ. ಈ ಸಲ ಸಜೆಶನ್ ಡಬ್ಬಿ ಬೀಗ ತೆಗೆಸಿ ನೋಡ್ದೆ, ಒಂದು ಬಿಸ್ಕತ್ತಿನ ಕವರ್ ಸಿಕ್ತು. ಮನಸ್ಸು ತಡೀಲಿಲ್ಲ, ಅವನಿಗೆ ಫೋನ್ ಮಾಡ್ದೆ. ಚೆನ್ನಾಗಿದ್ದೀಯೇನೋ, ಮಗು ಹೆಂಗಿದೆ ಅಂತೆಲ್ಲ ಆದ್ಮೇಲೆ ವಿಷಯ ಹೇಳ್ದೆ, ನಗಾಡ್ತಾನೇ. ನೀನಿದ್ದಿದ್ರೆ ಏನಾರು ಒಂದು ಬರಿಸ್ಕೊಳ್ತಿದ್ದೆ ಕಣೋ ಅಂದೆ.

ಅವನು ಸ್ವಲ್ಪ ಹೊತ್ತು ಸುಮ್ನಿದ್ದ, ಹಿಂದೆ ಯಾವುದೋ ಮೆಷಿನ್ ಸದ್ದು ಕೇಳಿಸ್ತಿತ್ತು.

ಈಗ್ಲೂ ಬರ್ಕೊಳಿ ಸಾ, ಒಂದೇ. ಭಾನ್ವಾರ ಗೇಟ್ ತೆಗ್ಸಿ.

ಬರ್ಕೊಂಡೆ. ಬಂದ ಸಲಹೆ 1. ಜಾರಿಗೆ ಬಂದಿದ್ದು ಅನ್ನೋ ಕಾಲಂ ಇನ್ನೂ ಖಾಲಿ ಬಿಟ್ಟಿದ್ದೀನಿ, ಫಾರಂ ಕಳ್ಸಕ್ಕೆ ಈ ತಿಂಗಳ ಕೊನೇವರೆಗೂ ಟೈಮಿದೆ. ಅದಕ್ಕೊಂದು ಬಜೆಟ್ ಹೆಡ್ ಹುಡುಕ್ತಾ ಇದ್ದೀನಿ.